ಕಾಕಾ ಅವರ ರೀಲು ಮತ್ತು ಆರು ಗುಂಡಿಗಳು: ಬ್ರೇಕ್ ಹೊಂದಿಸಿದ ಒಂದು ಪ್ರಕರಣ

ಮಾರ್ಚ್ ಕೊನೆಯ ವಾರ, ಸಂಜೆ ಏಳರ ಹೊತ್ತು. ನಮ್ಮ ಓಣಿಯ ಕಾಕಾ ಫೋನ್ ಮಾಡಿದರು. "ತಮ್ಮಾ, ಐದ್ ಮಿನಿಟ್ ಅಂಗಡಿಗಿ ಬಂದು ಹೋಗು. ಒಂದು ಸಣ್ಣ ಕತ್ರಿ ತಗೊಂಡು ಬಾ."

ಅವರದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ. ಅಲ್ಲಿ ಇಲ್ಲದ ಕತ್ತರಿ ಯಾವುದಪ್ಪಾ ಅಂದುಕೊಂಡೇ ಹೋದೆ. ಸುಟ್ಟ ಪಂಪ್ ಮೋಟಾರುಗಳ ನಡುವೆ ಒಂದು ಪೇಪರ್ ಹಾಸಿದ್ದರು. ಅದರ ಮೇಲೆ ಮೀನು ಹಿಡಿಯುವ ಬೇಟ್‌ಕಾಸ್ಟಿಂಗ್ ರೀಲು. ರೀಲು ಅಂತ ಗೊತ್ತಾಗಿದ್ದು ಹ್ಯಾಂಡಲ್ ಕಂಡದ್ದಕ್ಕೆ. ಉಳಿದದ್ದೆಲ್ಲ ಹಸಿರು ದಾರದ ಉಂಡೆ. ಗಾಳ ಹಾಕುವ ನಮ್ಮ ಗೆಳೆಯರು ಇದಕ್ಕೆ ಗುಬ್ಬಿಗೂಡು ಅಂತಾರೆ. ಇದು ಗುಬ್ಬಿಯದ್ದಲ್ಲ, ಹದ್ದಿನ ಗೂಡೇ ಇರಬೇಕು.

"ಎಲ್ಲಾ ಬ್ರೇಕ್ ಟೈಟ್ ಮಾಡೀನಿ ನೋಡು. ಮತ್ತ ಹಂಗೇ ಆಗ್ಯಾದ," ಅಂದರು.

ಈ "ಎಲ್ಲಾ ಬ್ರೇಕ್" ಅನ್ನುವ ಮಾತಿನಲ್ಲೇ ಅರ್ಧ ರೋಗ ಇತ್ತು. ನನಗೆ ಅದು ಹೊಳೆಯಲು ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಯಾರು, ಯಾವ ಸಾಮಾನು

ಕಾಕಾ ಅವರಿಗೆ ಮೀನು ಹೊಸದಲ್ಲ. ಜೇವರ್ಗಿ ಕಡೆ ಭೀಮಾ ದಂಡೆಯ ಊರು. ಚಿಕ್ಕವರಿದ್ದಾಗಿಂದ ಕೈದಾರದಲ್ಲಿ ಹಿಡಿದವರು. ದಾರದ ತುದಿಗೆ ಸೀಸದ ಗುಂಡು ಕಟ್ಟಿ, ತಲೆ ಮೇಲೆ ಎರಡು ಸುತ್ತು ತಿರುಗಿಸಿ ಬೀಸಿದರೆ ನದಿ ನಡುವಿಗೆ ಹೋಗಿ ಬೀಳುತ್ತಿತ್ತು. ನೀರು ನೋಡಿ ಮೀನು ಎಲ್ಲಿದೆ ಅಂತ ಹೇಳುವುದರಲ್ಲಿ ನಾನು ಅವರ ಮುಂದೆ ಏನೂ ಅಲ್ಲ. ರೀಲಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಮುಂದೆ. ಹಾಗಂತ ಅಂದುಕೊಂಡಿದ್ದೆ.

ಬೆಂಗಳೂರಿನಲ್ಲಿರುವ ಮಗ ಈ ಸೆಟ್ ಕಳಿಸಿದ್ದ. 7 ಅಡಿಯ ರಾಡು, 10ರಿಂದ 30 ಗ್ರಾಂ ತೂಕ ಎಸೆಯುವಂಥದ್ದು. ಬಲಗೈ ಹ್ಯಾಂಡಲಿನ ಚಪ್ಪಟೆ ರೀಲು. 30 ಪೌಂಡ್ ಎಳೆತ ತಾಳುವ ಬ್ರೇಡ್, ಅಂದರೆ ಹೆಣೆದ ದಾರ. ಮರಲ್ ಹಿಡಿಯಲು ರಬ್ಬರ್ ಕಪ್ಪೆ, ಸುಮಾರು 13 ಗ್ರಾಂ. ಮರಲ್ ಅಂದರೆ ಹಾವಿನ ತಲೆಯ ಮೀನು, ಕೆಲವರು ಕೊರಮೀನು ಅಂತಾರೆ. ನೀರೊಳಗಿನ ಗಾಳಿ ಅದಕ್ಕೆ ಸಾಲುವುದಿಲ್ಲ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುತ್ತದೆ. ಹುಲ್ಲು, ಕಸದ ನಡುವೆಯೇ ಇರುತ್ತದೆ. ಅದಕ್ಕೇ ಕೊಕ್ಕೆ ಮೈಗೆ ಅಂಟಿಕೊಂಡಿರುವ, ಕಸಕ್ಕೆ ಸಿಗದ ರಬ್ಬರ್ ಕಪ್ಪೆ.

ಬೇಟ್‌ಕಾಸ್ಟಿಂಗ್ ರೀಲು ಕಂಡಿರದವರಿಗೆ ಎರಡು ಮಾತು. ಸಾಮಾನ್ಯವಾಗಿ ಕಾಣುವ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ದಾರ ಸುತ್ತಿದ ಉರುಳೆ, ತಿರುಗುವುದಿಲ್ಲ. ದಾರ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಇದರಲ್ಲಿ ಸ್ಪೂಲೇ ತಿರುಗಿ ದಾರ ಬಿಡಬೇಕು. ಸುಮಾರು 1820ರ ಹೊತ್ತಿಗೆ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕೆಲಸದವನು ಮಾಡಿದ ರೀಲು ಇದರ ಮುತ್ತಜ್ಜ. ಸುಖ ಏನೆಂದರೆ, ಗುರಿ ಇಟ್ಟ ಜಾಗಕ್ಕೇ ಹೆಬ್ಬೆರಳಿನಿಂದ ತಡೆದು ಬೀಳಿಸಬಹುದು. ಕಷ್ಟ ಏನೆಂದರೆ, ಈ ಗೂಡು.

ಅವತ್ತು ಸಂಜೆ ಕತ್ತರಿ ಬೇಕಾಗಲಿಲ್ಲ. ಇದೊಂದು ಉಪಾಯ ನನಗೆ ಗೊತ್ತಿತ್ತು. ಹೆಬ್ಬೆರಳಿನಿಂದ ಸ್ಪೂಲಿನ ದಾರವನ್ನು ಗಟ್ಟಿಯಾಗಿ ಅದುಮಿ ಹಿಡಿದು, ಹ್ಯಾಂಡಲ್ ಮೂರ್ನಾಲ್ಕು ಸುತ್ತು ತಿರುಗಿಸಬೇಕು. ಎದ್ದು ನಿಂತ ಕುಣಿಕೆಗಳು ಮಲಗುತ್ತವೆ. ಆಮೇಲೆ ಸ್ಪೂಲ್ ಬಿಟ್ಟು ದಾರ ಎಳೆಯಬೇಕು. ಸಿಕ್ಕಿಕೊಂಡರೆ ಮತ್ತೆ ಅದೇ. ನಾಲ್ಕನೇ ಸಲಕ್ಕೆ ದಾರ ಪೂರಾ ಬಂತು. ಕಾಕಾ ನನ್ನನ್ನು ಇಂಜಿನಿಯರ್ ನೋಡಿದ ಹಾಗೆ ನೋಡಿದರು. ಆ ನೋಟ ಬಹಳ ದಿನ ಉಳಿಯಲಿಲ್ಲ ಬಿಡಿ.

ಮೂರು ತಿರುಪು, ಮೂರಕ್ಕೂ ಒಂದೇ ಹೆಸರು

"ಯಾವ್ ಯಾವ್ ಬ್ರೇಕ್ ಟೈಟ್ ಮಾಡೀರಿ ಕಾಕಾ?" ಅಂದೆ. ಅವರು ತೋರಿಸಿದರು.

ಮೊದಲು ಹ್ಯಾಂಡಲಿನ ಹಿಂದಿರುವ ನಕ್ಷತ್ರದ ಆಕಾರದ ಚಕ್ರ. ಅದು ಡ್ರ್ಯಾಗ್. ಮೀನು ಸಿಕ್ಕ ಮೇಲೆ ಅದು ಎಳೆದರೆ ದಾರ ಎಷ್ಟು ಬಿಗಿಯಲ್ಲಿ ಜಾರಬೇಕು ಅನ್ನುವುದು ಅದರ ಕೆಲಸ. ಎಸೆಯಲು ಹೆಬ್ಬೆರಳಿನ ಪಟ್ಟಿ ಒತ್ತಿದ ಕೂಡಲೇ ಗೇರು ಬಿಟ್ಟುಕೊಳ್ಳುತ್ತದೆ. ಆಗ ಆ ನಕ್ಷತ್ರವನ್ನು ಪಾನಾ ಹಾಕಿ ಬಿಗಿದರೂ ಸ್ಪೂಲಿಗೆ ಏನೂ ಆಗುವುದಿಲ್ಲ. ಕಾಕಾ ಅದನ್ನು ಪಾನಾ ಒಂದು ಬಿಟ್ಟು ಉಳಿದ ಎಲ್ಲ ಶಕ್ತಿ ಹಾಕಿ ಬಿಗಿದಿದ್ದರು.

ಎರಡನೆಯದು ಅದರ ಪಕ್ಕದ ಚಿಕ್ಕ ಟೋಪಿ. ಇದು ಸ್ಪೂಲಿನ ಟೆನ್ಷನ್. ಸ್ಪೂಲಿನ ಅಚ್ಚನ್ನು ಎರಡೂ ತುದಿಯಿಂದ ಒತ್ತಿ ಹಿಡಿಯುತ್ತದೆ. ಎಸೆತದ ಶುರುವಿನಿಂದ ಕೊನೆಯವರೆಗೆ ಇದರ ಒತ್ತು ಹೆಚ್ಚು ಕಮ್ಮಿ ಒಂದೇ. ಇದನ್ನು ಅವರು ಮೊದಲು ಪೂರಾ ಬಿಗಿದಿದ್ದರು. ಕಪ್ಪೆ ಹತ್ತು ಹೆಜ್ಜೆ ದೂರ ಬಿತ್ತು. ಸಿಟ್ಟಿನಿಂದ ಪೂರಾ ಸಡಿಲ ಮಾಡಿದರು. ಆಗ ಕಟ್ಟಿದ್ದು ಪೇಪರ್ ಮೇಲಿನ ಆ ಗೂಡು.

ಮೂರನೆಯದು ಅವರಿಗೆ ಬ್ರೇಕ್ ಅಂತಲೇ ಗೊತ್ತಿರಲಿಲ್ಲ. ಹ್ಯಾಂಡಲ್ ಇಲ್ಲದ ಕಡೆಯ ಮುಚ್ಚಳದ ಒಳಗೆ, ಸ್ಪೂಲಿನ ಪಕ್ಕ, ಆರು ಕಡ್ಡಿ. ಪ್ರತಿ ಕಡ್ಡಿಗೂ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪನೆಯ ಪ್ಲಾಸ್ಟಿಕ್ ಗುಂಡಿ. ಹೊರಕ್ಕೆ ತಳ್ಳಿದರೆ ಆ ಗುಂಡಿ ಕೆಲಸಕ್ಕೆ ಬಂತು, ಒಳಕ್ಕೆ ತಳ್ಳಿದರೆ ರಜೆ. ಸ್ಪೂಲ್ ಜೋರಾಗಿ ತಿರುಗಿದಾಗ ಗುಂಡಿಗಳು ಹೊರಕ್ಕೆ ಎರಚಿಕೊಂಡು, ಮುಚ್ಚಳದೊಳಗಿನ ಬಳೆಗೆ ಉಜ್ಜುತ್ತವೆ. ಈ ಮೂರರಲ್ಲಿ ನಿಜವಾದ ಬ್ರೇಕ್ ಇದೊಂದೇ.

ಇದರ ಚಂದ ಎಲ್ಲಿದೆ ಅಂದರೆ ಲೆಕ್ಕದಲ್ಲಿ. ಸ್ಪೂಲಿನ ವೇಗ ಎರಡು ಪಟ್ಟಾದರೆ ಗುಂಡಿ ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಅಂದರೆ ಎಸೆತದ ಶುರುವಿನಲ್ಲಿ, ಸ್ಪೂಲ್ ಹುಚ್ಚೆದ್ದು ತಿರುಗುವಾಗ ಜೋರಾಗಿ ಹಿಡಿಯುತ್ತದೆ. ವೇಗ ಇಳಿದಂತೆ ತಾನೇ ಬಿಟ್ಟುಕೊಡುತ್ತದೆ. ಟೋಪಿ ತಿರುಪಿಗೆ ಈ ಬುದ್ಧಿ ಇಲ್ಲ. ಅದು ಶುರುವಿಗೂ ಅಷ್ಟೇ, ಕೊನೆಗೂ ಅಷ್ಟೇ. ಅದಕ್ಕೇ ಟೋಪಿ ಬಿಗಿದು ಗೂಡು ತಪ್ಪಿಸಿದರೆ ದೂರ ಸಾಯುತ್ತದೆ.

ಕಾಕಾಗೆ ಇದನ್ನು ಹೇಗೆ ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ. ಅವರೇ ಹಿಂದಿನ ಗೋಡೆ ಕಡೆ ಕೈ ತೋರಿಸಿದರು. ಅಲ್ಲಿ ತಾಮ್ರದ ತಂತಿಯ ದೊಡ್ಡ ರೀಲುಗಳು. ವೈಂಡಿಂಗ್ ಮಾಡುವಾಗ ತಂತಿ ಜೋರಾಗಿ ಎಳೆದು ಥಟ್ಟನೆ ನಿಲ್ಲಿಸಿದರೆ, ತಂತಿ ನಿಂತರೂ ರೀಲು ತಿರುಗುತ್ತಲೇ ಇರುತ್ತದೆ. ತಂತಿ ಸಡಿಲಾಗಿ ಕೆಳಗೆ ಸುರುಳಿ ಬೀಳುತ್ತದೆ. ಹೊಸ ಹುಡುಗರಿಗೆ ಅವರು ಮೊದಲು ಕಲಿಸುವುದೇ ಅದರ ಮೇಲೆ ಅಂಗೈ ಇಡುವುದನ್ನು.

"ಇದೂ ಅದೇ ಅಲ್ಲೇನು? ಕಪ್ಪಿ ನಿಂತದ, ಇಂವ ನಿಂತಿಲ್ಲ," ಅಂದರು.

ಅದೇ. ಕೈಯಿಂದ ಬಿಟ್ಟ ಕ್ಷಣ ಕಪ್ಪೆಯ ವೇಗ ಎಲ್ಲಕ್ಕಿಂತ ಜಾಸ್ತಿ. ಅಲ್ಲಿಂದ ಗಾಳಿ ಅದನ್ನು ತಡೆಯುತ್ತಲೇ ಹೋಗುತ್ತದೆ. ಸ್ಪೂಲಿಗೆ ಆ ಸುದ್ದಿ ತಲುಪುವುದಿಲ್ಲ. ಹೊರಗೆ ಹೋಗುವ ದಾರಕ್ಕಿಂತ ಒಳಗೆ ಬಿಚ್ಚುವ ದಾರ ಜಾಸ್ತಿ ಆಯಿತು ಅಂದರೆ ಗೂಡು.

ವೇಗ ಎಷ್ಟು ಅಂತ ಕೇಳಿದರು. ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆವು. ಸ್ಪೂಲಿನ ಅಡ್ಡಳತೆ 34 ಮಿಲಿಮೀಟರ್. ಒಂದು ಸುತ್ತಿಗೆ ಬಿಚ್ಚುವ ದಾರ ಸುಮಾರು 10.7 ಸೆಂಟಿಮೀಟರ್. ಕಪ್ಪೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿತು ಅಂದುಕೊಂಡರೆ, ಸೆಕೆಂಡಿಗೆ 187 ಸುತ್ತು. ನಿಮಿಷಕ್ಕೆ 11 ಸಾವಿರದ ಮೇಲೆ. ಕಾಕಾ ಪೆನ್ನು ಕೆಳಗಿಟ್ಟರು. ಅವರು ದಿನಾ ಕಟ್ಟುವ ಪಂಪ್ ಮೋಟಾರು ನಿಮಿಷಕ್ಕೆ 2880 ಸುತ್ತು. ಅಂಗೈಯಲ್ಲಿ ಹಿಡಿಸುವ ಈ ಸ್ಪೂಲು ಅದರ ನಾಲ್ಕು ಪಟ್ಟು ಓಡುತ್ತದೆ ಅಂದರೆ ಅವರಿಗೆ ರೀಲಿನ ಮೇಲೆ ಒಮ್ಮೆಲೇ ಮರ್ಯಾದೆ ಬಂತು.

ಖಾಲಿ ಪ್ಲಾಟಿನಲ್ಲಿ ಮೊದಲ ಭಾನುವಾರ

ನೀರಿಗೆ ಹೋಗುವ ಮುಂಚೆ ನೆಲದ ಮೇಲೆ ಹೊಂದಿಸೋಣ ಅಂದೆ. ಅಫಜಲಪುರ ರಸ್ತೆ ಕಡೆ ಇನ್ನೂ ಮನೆ ಏಳದ ಒಂದು ಲೇಔಟ್. ಬೆಳಿಗ್ಗೆ ಆರೂವರೆ, ಗಾಳಿ ಇಲ್ಲ. ಕೊಕ್ಕೆ ಬೇಡ ಅಂತ ಕಪ್ಪೆಯ ಬದಲು ಕಾಕಾ ಅಂಗಡಿಯ ಒಂದು ನಟ್ಟು ಕಟ್ಟಿದೆವು. ಪರಿಚಯದ ಸರಾಫರ ತಕ್ಕಡಿಯಲ್ಲಿ ತೂಗಿದರೆ 12 ಗ್ರಾಂಗೆ ಸ್ವಲ್ಪ ಕಮ್ಮಿ. ಕಪ್ಪೆ 13. ಹತ್ತಿರ ಹತ್ತಿರ ಒಂದೇ ಅಂದುಕೊಂಡೆವು. ಈ "ಒಂದೇ" ಮುಂದೆ ನಮಗೆ ಕೈ ಕೊಟ್ಟಿತು.

ಮೊದಲು ದಾರ. ಅಂಗಡಿಯವರು ಸ್ಪೂಲಿನ ಅಂಚಿನವರೆಗೆ ತುಂಬಿದ್ದರು. ಅಂಚಿಗೆ ಎರಡು ಮೂರು ಮಿಲಿಮೀಟರ್ ಜಾಗ ಬೇಕು, ಇಲ್ಲದಿದ್ದರೆ ಸಡಿಲಾದ ಒಂದು ಸುತ್ತೂ ಹೊರಗೆ ಉಕ್ಕುತ್ತದೆ. ಸ್ವಲ್ಪ ದಾರ ತೆಗೆದೆವು. ಆಮೇಲೆ ಸುಮಾರು 40 ಮೀಟರ್ ಹೊರಗೆ ಎಳೆದು, ಒಳಗೆ ಉಳಿದ ದಾರದ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಮತ್ತೆ ದಾರ ಸುತ್ತಿಕೊಂಡೆವು. ಗೂಡು ಕಟ್ಟಿದರೂ ಟೇಪಿಗಿಂತ ಕೆಳಗೆ ಇಳಿಯುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಆಮೇಲೆ ಟೋಪಿ. ರಾಡು ಎತ್ತಿ ಹಿಡಿದು, ಪಟ್ಟಿ ಒತ್ತಿದರೆ ನಟ್ಟು ಮೆಲ್ಲಗೆ ಇಳಿಯಬೇಕು. ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಪಳಗಿದವರು ಇಷ್ಟು ಬಿಗಿ ಇಡುವುದಿಲ್ಲ. ಸ್ಪೂಲ್ ಅಡ್ಡಡ್ಡ ಅಲುಗಾಡುವುದು ನಿಂತರೆ ಸಾಕು ಅಂತಾರೆ. ನಾನೂ ಅದೇ ಪಕ್ಷದವನು. ಆದರೆ ಮೊದಲ ದಿನ ಹೊಸಬರಿಗೆ ನಿಧಾನಕ್ಕೆ ಇಳಿಯುವ ಲೆಕ್ಕವೇ ಒಳ್ಳೆಯದು.

ಗುಂಡಿ ಆರಕ್ಕೆ ಆರೂ ಹೊರಗೆ ಹಾಕಿದೆ. ಪೂರ್ತಿ ಬ್ರೇಕ್. ಇನ್ನು ಗೂಡು ಕಟ್ಟಲು ಸಾಧ್ಯವೇ ಇಲ್ಲ ಅಂತ ಹೇಳಿ ರಾಡು ಕೊಟ್ಟೆ.

ಕಾಕಾ ಬೀಸಿದರು. ಗೂಡು.

ಇಲ್ಲಿ ನನ್ನ ಮೊದಲ ತಪ್ಪು. ದೋಷ ಕೈಯಲ್ಲಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಕೈದಾರ ಬೀಸಿದ ಕೈ, ಕೊನೆಯಲ್ಲಿ ಒಂದು ಜಟಕಾ ಕೊಡುತ್ತದೆ. ಜಟಕಾ ಕೊಟ್ಟರೆ ಸ್ಪೂಲ್ ಒಮ್ಮೆಲೇ ಎಗರುತ್ತದೆ, ಅದು ನಿಜವೇ. ಹಾಗಾಗಿ ಒಂದು ತಾಸು ಪೂರಾ ಮೆಲ್ಲಗೆ ಬೀಸುವುದನ್ನೇ ಹೇಳಿದೆ. "ರಾಡಿಗಿ ಭಾರ ಹೊರಸ್ರಿ, ರಾಡೇ ಎಸೀತದ." ಅವರು ಪಾಪ ಕೇಳಿದರು. ಬೀಸುವುದು ನುಣುಪಾಯಿತು. ಗೂಡು ಮಾತ್ರ ಐದಾರು ಮೀಟರಿಗೇ ಕಟ್ಟುತ್ತಿತ್ತು.

"ನಂದೇ ತಪ್ಪಿದ್ರ ಒಮ್ಮೆನಾ ಬರೋಬ್ಬರಿ ಬರಬೇಕಲ್ಲ ತಮ್ಮಾ," ಅಂದರು. ಮೆಕ್ಯಾನಿಕ್ ಮಾತು. ಕೈ ತಪ್ಪು ಮಾಡಿದರೆ ಒಂದೊಂದು ಸಲ ಒಂದೊಂದು ಥರ ಆಗಬೇಕು. ಪ್ರತಿ ಸಲ ಒಂದೇ ಜಾಗದಲ್ಲಿ ಆದರೆ ದೋಷ ಯಂತ್ರದ್ದು. ನಾನು ಇದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಬಿಸಿಲು ಏರಿತ್ತು. ಸುಸಲಾ, ಮಿರ್ಚಿ ಭಜಿ ತಿಂದು ಮನೆಗೆ ಬಂದೆವು.

ಎರಡು ಗುಂಡಿಗೂ ಆರು ಗುಂಡಿಗೂ ಒಂದೇ ಫಲ

ಮುಂದಿನ ಭಾನುವಾರ ರಾಡು ನಾನೇ ಹಿಡಿದೆ. ಆರು ಗುಂಡಿಯಲ್ಲಿ ಎಸೆದೆ, ಹೆಬ್ಬೆರಳು ಹಗುರಾಗಿ ತಾಗಿಸಿ ಹೇಗೋ ಗೂಡು ತಪ್ಪಿಸಿದೆ. ಎರಡು ಗುಂಡಿ ಮಾಡಿ ಎಸೆದೆ. ಮತ್ತೆ ಆರು. ದೂರದಲ್ಲಿ ಏನೂ ಫರಕಿಲ್ಲ. ಹೆಬ್ಬೆರಳಿಗೆ ಸಿಗುವ ಎಳೆತದಲ್ಲೂ ಇಲ್ಲ. ಇನ್ನೊಂದು ವಿಷಯ ತಡವಾಗಿ ಕಿವಿಗೆ ಬಿತ್ತು. ಈ ಜಾತಿಯ ಬ್ರೇಕ್ ಹಿಡಿದಾಗ ಝುಂಯ್ ಅಂತ ಒಂದು ಸದ್ದು ಬರುತ್ತದೆ. ಈ ರೀಲು ಬೆಣ್ಣೆ ಹಾಗೆ ಸುಮ್ಮನಿತ್ತು.

ಸ್ಕೂಟರಿನಲ್ಲಿ ಬ್ರೇಕ್ ತುಳಿದರೂ ತುಳಿಯದಿದ್ದರೂ ಗಾಡಿ ಒಂದೇ ಥರ ಓಡಿದರೆ ಏನರ್ಥ? ಲೈನಿಂಗ್ ಹಿಡಿಯುತ್ತಿಲ್ಲ.

ಮುಚ್ಚಳ ತೆಗೆದು ಬೆಳಕಿಗೆ ಹಿಡಿದೆ. ಗುಂಡಿಗಳು ಉಜ್ಜಬೇಕಾದ ಆ ಬಳೆ ಫಳಫಳ ಹೊಳೆಯುತ್ತಿತ್ತು. ಬೆರಳಾಡಿಸಿದೆ. ಎಣ್ಣೆ.

"ಕಾಕಾ, ಇದರಾಗ ಎಣ್ಣಿ ಯಾರ್ ಹಾಕ್ಯಾರ?"

"ನಾನೇ. ತಿರುಗೋ ಸಾಮಾನಿಗಿ ಎಣ್ಣಿ ಹಾಕಬೇಕಲ್ಲ? ಬಂದ ದಿನಾನೇ ಬಿಚ್ಚಿ ಹೊಲಿಗಿ ಮಷೀನಿನ ಎಣ್ಣಿ ಹಾಕೀನಿ. ಭಾಳ ಸ್ಮೂತ್ ಆಯ್ತು."

ಭಾಳ ಸ್ಮೂತ್ ಆಗಿದ್ದೇ ತೊಂದರೆ. ಮೂವತ್ತು ವರ್ಷದಿಂದ ಬೇರಿಂಗಿಗೆ ಎಣ್ಣೆ ಹಾಕಿ ಬದುಕಿದ ಮನುಷ್ಯ, ರೀಲು ಬಿಚ್ಚಿ ಎಣ್ಣೆ ಹಾಕದೆ ಇರುತ್ತಾರೆಯೇ? ಅದು ನನಗೆ ಮೊದಲ ಸಂಜೆಯೇ ಹೊಳೆಯಬೇಕಿತ್ತು. ಅವತ್ತು ಮುಚ್ಚಳ ತೆಗೆದು ಗುಂಡಿ ಎಣಿಸಿದವನು ನಾನೇ. ಗುಂಡಿ ನೋಡಿದೆ, ಬಳೆ ನೋಡಲಿಲ್ಲ. ಕೈ ಸರಿಯಿಲ್ಲ ಅಂತ ಹಿರಿಯರಿಗೆ ಒಂದು ತಾಸು ಪಾಠ ಮಾಡಿದೆ. ಈಗಲೂ ನೆನೆಸಿದರೆ ಮುಜುಗರ ಆಗುತ್ತದೆ.

ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಒಣ ಹತ್ತಿ ಬಟ್ಟೆಯಿಂದ ಬಳೆ ಒರೆಸಿ, ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದೆವು. ಗುಂಡಿಗಳನ್ನೂ ಒಂದೊಂದಾಗಿ ಒರೆಸಿದೆವು. ಕಡ್ಡಿಯ ಮೇಲೆ ಅವು ಸಲೀಸಾಗಿ ಜಾರುತ್ತವೆಯೇ ಅಂತ ನೋಡಿದೆವು. ಜಿಡ್ಡು ಕಟ್ಟಿದರೆ ಗುಂಡಿ ಹೊರಕ್ಕೆ ಬರುವುದೇ ಇಲ್ಲ, ಆಗಲೂ ಬ್ರೇಕ್ ಇಲ್ಲ. ಸ್ಪೂಲಿನ ಬೇರಿಂಗಿಗೆ ಮಾತ್ರ ಸೂಜಿ ತುದಿಯಿಂದ ಒಂದೊಂದು ಹನಿ. ಅದಕ್ಕಿಂತ ಜಾಸ್ತಿ ಹಾಕಿದರೆ ಅದು ಜಾರಿ ಬಳೆಗೇ ಬಂದು ಸೇರುತ್ತದೆ.

ಆರು ಗುಂಡಿ. ಕಾಕಾ ಬೀಸಿದರು. ಝುಂಯ್.

ನಟ್ಟು 16 ಮೀಟರಿಗೆ ಬಿತ್ತು. ಅವರ ಬೋರ್‌ವೆಲ್ ಕೆಲಸದ 30 ಮೀಟರ್ ಟೇಪು ನೆಲದ ಮೇಲೆ ಹಾಸಿದ್ದೆವು, ಹಾಗಾಗಿ ಅಂದಾಜಿನ ಮಾತಲ್ಲ. ಮೂರು ಎಸೆತ, ಮೂರೂ ಸ್ವಚ್ಛ. ಕಾಕಾ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಕಡೆ ನೋಡಿದರು. ಆ ನೋಟಕ್ಕೆ ನಾನು ಅರ್ಹ.

ಅಲ್ಲಿಂದ ಒಂದು ಸಲಕ್ಕೆ ಒಂದೇ ಬದಲಾವಣೆ. ಟೋಪಿ ಮುಟ್ಟುವಂತಿಲ್ಲ, ಗುಂಡಿ ಮಾತ್ರ. ಗುಂಡಿ ಕಮ್ಮಿ ಮಾಡುವಾಗ ತೂಕ ಸುತ್ತಲೂ ಸಮ ಇರಬೇಕು. ನಾಲ್ಕು ಬೇಕಾದರೆ ಎದುರುಬದುರಿನ ಎರಡು ಜೋಡಿ. ಮೂರು ಬೇಕಾದರೆ ಒಂದು ಬಿಟ್ಟು ಒಂದು. ಎರಡು ಬೇಕಾದರೆ ಎದುರುಬದುರು. ಪಕ್ಕಪಕ್ಕದ ಎರಡು ಹಾಕಿದರೆ ಸ್ಪೂಲ್ ನಡುಗುತ್ತದೆ. ರೋಟರ್ ಬ್ಯಾಲೆನ್ಸ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಐದು ಗುಂಡಿ ಯಾಕೆ ಬೇಡ ಅಂತ ಅವರೇ ನನಗೆ ಹೇಳಿದರು.

ನಾಲ್ಕಕ್ಕೆ 21 ಮೀಟರ್. ಮೂರಕ್ಕೆ 24. ಎರಡಕ್ಕೆ 27 ಹೋಯಿತು, ಆದರೆ ಮೂರರಲ್ಲಿ ಒಂದು ಎಸೆತ ಗೂಡು. ಮೂರು ಮೀಟರಿನ ಆಸೆಗೆ ಯಾರು ಗೂಡು ಬಿಡಿಸುತ್ತಾ ಕೂರುತ್ತಾರೆ? ಮೂರು ಗುಂಡಿಗೆ ನಿಲ್ಲಿಸಿದೆವು. ನನಗೆ ಕೇಸು ಮುಗಿಯಿತು ಅನ್ನಿಸಿತು.

ಬೆಣ್ಣೆತೊರಾ ಹಿನ್ನೀರು

ಏಪ್ರಿಲ್ ಎರಡನೇ ಭಾನುವಾರ ಬೆಣ್ಣೆತೊರಾ ಜಲಾಶಯಕ್ಕೆ ಹೋದೆವು. ಬೆಣ್ಣೆತೊರಾ ಕಾಗಿಣಾಗೆ ಸೇರುತ್ತದೆ, ಕಾಗಿಣಾ ಭೀಮಾಗೆ. ಕಾಕಾ ಪ್ರಕಾರ ಅದೆಲ್ಲ ಅವರ ಊರಿನ ನೀರೇ. ಅಲ್ಲಿ ಮೀನು ಹಿಡಿಯುವ ಹಕ್ಕು ಇರುವವರನ್ನು ಮೊದಲೇ ಕೇಳಿ ಒಪ್ಪಿಗೆ ತಗೊಂಡಿದ್ದೆವು. ಬೇಸಿಗೆಗೆ ನೀರು ಹಿಂದೆ ಸರಿದು, ಎರೆ ಮಣ್ಣು ಬಿರುಕು ಬಿಟ್ಟಿತ್ತು. ದಂಡೆಯಲ್ಲಿ ಆಪಿನ ಹುಲ್ಲು, ಮುಳುಗಿ ಒಣಗಿದ ಜಾಲಿ ಗಿಡ. ಮಳೆ ಶುರುವಾದರೆ ಮರಲ್ ಮರಿ ಮಾಡುತ್ತದೆ, ಆಗ ನಾವು ಹೋಗುವುದಿಲ್ಲ. ಹಾಗಾಗಿ ನಮ್ಮ ಕಾಲ ಇದೇ.

ಮೂರು ಗುಂಡಿ, ರಬ್ಬರ್ ಕಪ್ಪೆ, ಮೊದಲ ಎಸೆತ. ಗೂಡು.

ನನಗೆ ಒಂದು ಕ್ಷಣ ತಲೆ ಖಾಲಿ. ಅದೇ ಕೈ, ಅದೇ ರೀಲು, ಎಣ್ಣೆ ಇಲ್ಲ. ತೂಕವೂ ಅದೇ. ಉಲ್ಟಾ ಒಂದು ಗ್ರಾಂ ಜಾಸ್ತಿಯೇ. ತೂಕ ಜಾಸ್ತಿ ಇದ್ದರೆ ಬ್ರೇಕ್ ಕಮ್ಮಿ ಸಾಕು ಅನ್ನುವುದು ಈ ವಿದ್ಯೆಯ ಮೊದಲ ಪಾಠ.

ಉತ್ತರ ಕೈಯಲ್ಲೇ ಇತ್ತು. ನಟ್ಟು ಅಂದರೆ ಗಟ್ಟಿ ಕಬ್ಬಿಣ, ಚಿಕ್ಕದು. ಗಾಳಿ ಅದನ್ನು ಕೇಳುವುದೇ ಇಲ್ಲ. ಕಪ್ಪೆ ಅಂದರೆ ಟೊಳ್ಳು ರಬ್ಬರು, ಹಿಂದೆ ಎರಡು ಜುಂಗಿನ ಕಾಲು. ಒಂದೇ ತೂಕದ ಕಲ್ಲು ಮತ್ತು ಹತ್ತಿ ಉಂಡೆ ಎಸೆದ ಹಾಗೆ. ಕಪ್ಪೆ ಕೈ ಬಿಟ್ಟ ಕೂಡಲೇ ನಿಧಾನವಾಗುತ್ತದೆ, ಸ್ಪೂಲಿಗೆ ಅದು ಗೊತ್ತಾಗುವುದಿಲ್ಲ. ಮೇಲೆ ಎದುರು ಗಾಳಿ ಬೇರೆ. ನೆಲದ ಮೇಲೆ ನಟ್ಟಿಗೆ ಹೊಂದಿಸಿದ ಬ್ರೇಕು ನಟ್ಟಿಗೆ ಮಾತ್ರ. ಬ್ರೇಕಿಗೆ ಬೇಕಾದದ್ದು ತೂಕ ಒಂದೇ ಅಲ್ಲ, ಗಾಳಿಯಲ್ಲಿ ಅದು ಹೇಗೆ ಹಾರುತ್ತದೆ ಅನ್ನುವುದೂ. ಇದು ನನ್ನ ಎರಡನೇ ತಪ್ಪು. ಇದಕ್ಕೆ ಕಾಕಾ ಏನೂ ಬೈಯಲಿಲ್ಲ, ಆಗಲೇ ಅವರ ಕಣ್ಣು ಆಪಿನ ಪಕ್ಕ ಎದ್ದ ಗುಳ್ಳೆಗಳ ಮೇಲಿತ್ತು.

ನಾಲ್ಕು ಗುಂಡಿ ಮಾಡಿದೆವು. ಗಾಳಿ ತಗ್ಗಿದಾಗ ಸರಿ, ಬೀಸಿದಾಗ ಗೂಡು. ಆರು ಮಾಡಿದ ಮೇಲೆ ನಿಂತಿತು. ದೂರ ಕಮ್ಮಿ ಆಯಿತು ಅಂತ ನನಗೆ ಬೇಜಾರು. ಅವರಿಗೆ ಇಲ್ಲ. "ಮೀನು ಇಲ್ಲೇ ಸಮೀಪ ಅದ. ಅಕ್ಕಡಿ ದಂಡಿಗಿ ಯಾಕ ಎಸೀಬೇಕು?" ಗಾಳಿಗೆ ಎದುರು ನಿಲ್ಲುವ ಬದಲು ಪಕ್ಕಕ್ಕೆ ತಿರುಗಿ ನಿಂತೆವು. ರಾಡನ್ನು ತಲೆ ಮೇಲಿಂದ ಬೀಸದೆ ಪಕ್ಕದಿಂದ ತಗ್ಗಾಗಿ ಬೀಸಿದೆವು. ನೀರಿನ ಹತ್ತಿರ ಹಾರಿದಷ್ಟೂ ಗಾಳಿಯ ಹೊಡೆತ ಕಮ್ಮಿ.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಮೊದಲ ಸಂಜೆಯೇ ಕೇಳಬೇಕಿದ್ದ ಪ್ರಶ್ನೆ "ಯಾವ ಬ್ರೇಕ್ ಟೈಟ್ ಮಾಡೀರಿ" ಅಲ್ಲ. "ಗೂಡು ಯಾವಾಗ ಕಟ್ಟುತ್ತದೆ" ಅನ್ನುವುದು. ಬಿಟ್ಟ ಕೂಡಲೇ, ಐದಾರು ಮೀಟರಿಗೇ ಕಟ್ಟಿದರೆ ಬ್ರೇಕ್ ಸಾಲುತ್ತಿಲ್ಲ, ಇಲ್ಲವೇ ಬೀಸುವಾಗ ಜಟಕಾ. ಅರ್ಧ ದಾರಿಯಲ್ಲಿ ಕಟ್ಟಿದರೆ ಗಾಳಿ ಮತ್ತು ಕಪ್ಪೆಯ ಗಾತ್ರ ನೋಡಿ, ಬ್ರೇಕ್ ಒಂದು ಹಂತ ಏರಿಸಿ. ನೀರಿಗೆ ಬಿದ್ದ ಮೇಲೆ ಕಟ್ಟಿದರೆ ಬ್ರೇಕಿನ ತಪ್ಪೇ ಅಲ್ಲ. ಆಗ ತಪ್ಪು ಹೆಬ್ಬೆರಳಿನದು, ಅಥವಾ ಟೋಪಿ ತೀರಾ ಸಡಿಲ. ಗುಂಡಿಗಳು ವೇಗ ಇದ್ದಾಗ ಮಾತ್ರ ಹಿಡಿಯುತ್ತವೆ. ಕೊನೆಯಲ್ಲಿ, ಸ್ಪೂಲ್ ನಿಧಾನ ಆದಾಗ, ಅವು ಇದ್ದೂ ಇಲ್ಲದ ಹಾಗೆ. ಅಲ್ಲಿ ಹೆಬ್ಬೆರಳೇ ಗತಿ.

ಹೆಬ್ಬೆರಳಿನ ವಿಷಯದಲ್ಲಿ ಕಾಕಾ ನನ್ನನ್ನು ಒಂದೇ ಬೆಳಿಗ್ಗೆಯಲ್ಲಿ ಹಿಂದೆ ಹಾಕಿದರು. ನಾನು ಕಲಿಯುವಾಗ ರೀಲು ನೋಡುತ್ತಿದ್ದೆ, ಅವರು ಕಪ್ಪೆ ನೋಡುತ್ತಾರೆ. ಅದು ನೀರು ಮುಟ್ಟುವ ಒಂದು ಕ್ಷಣ ಮುಂಚೆ ಅವರ ಹೆಬ್ಬೆರಳು ಸ್ಪೂಲಿನ ಮೇಲಿರುತ್ತದೆ. ತಂತಿ ರೀಲಿನ ಮೇಲೆ ಮೂವತ್ತು ವರ್ಷ ಅಂಗೈ ಇಟ್ಟವರಿಗೆ ಇದು ಹೊಸದೇ? ಕಪ್ಪೆ ಟಪ್ ಅಂತ ಬೀಳುವ ಬದಲು ಹುಲ್ಲಿನ ಮೇಲೆ ಇಳಿಸಿದ ಹಾಗೆ ಬೀಳುತ್ತಿತ್ತು.

ಒಂಬತ್ತರ ಸುಮಾರಿಗೆ ಒಂದು ಮರಲ್ ಕಪ್ಪೆ ಹೊಡೆಯಿತು, ತಪ್ಪಿಸಿಕೊಂಡಿತು. ಇನ್ನೊಂದು ಸಿಕ್ಕಿತು, ಒಂದೂವರೆ ಕಿಲೋ ಇರಬಹುದು. ಆಗ ಇನ್ನೊಂದು ಹೊಸ ದೋಷ ಹೊರಗೆ ಬಂತು. ಮೀನು ಎಳೆದಾಗ ಸ್ಪೂಲ್ ತಿರುಗದಿದ್ದರೂ ದಾರದ ಸುತ್ತು ಪೂರಾ ಸ್ಪೂಲಿನ ಮೇಲೆ ಜಾರುತ್ತಿತ್ತು. ಬ್ರೇಡನ್ನು ನೇರ ನುಣುಪು ಅಲ್ಯೂಮಿನಿಯಂ ಮೇಲೆ ಕಟ್ಟಿದರೆ ಹೀಗೇ. ಕೆಳಗೆ ಕೆಲವು ಸುತ್ತು ನೈಲಾನ್ ದಾರ ಇರಬೇಕಿತ್ತು. ಕಾಕಾ ದಾರ ಕೈಗೆ ಸುತ್ತಿಕೊಂಡು, ಹಳೇ ಕೈದಾರದ ಪದ್ಧತಿಯಲ್ಲೇ ಮೀನು ದಂಡೆಗೆ ಎಳೆದರು. ರೀಲು ಅಷ್ಟು ಹೊತ್ತು ಸುಮ್ಮನೆ ನೋಡುತ್ತಿತ್ತು. ಹತ್ತು ಗಂಟೆಗೆ ಬಿಸಿಲು ತಾಳಲಾರದೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು.

ಈಗ

ಕಾಕಾ ಮುಚ್ಚಳದ ಒಳಗೆ ಮಾರ್ಕರಿನಿಂದ ಬರೆದಿಟ್ಟಿದ್ದಾರೆ: "ಕಪ್ಪಿ 4. ಗಾಳಿ ಇದ್ರ 6." ಕೆಳಗೆ ದೊಡ್ಡ ಅಕ್ಷರದಲ್ಲಿ "ಎಣ್ಣಿ ಇಲ್ಲ". ಟೋಪಿ ಈಗ ನಿಧಾನ ಇಳಿಯುವ ಲೆಕ್ಕದಿಂದ ಅಲುಗಾಟ ನಿಲ್ಲುವ ಲೆಕ್ಕಕ್ಕೆ ಬಂದಿದೆ. ನಾಲ್ಕು ಗುಂಡಿಯಲ್ಲಿ ಕಪ್ಪೆ 20 ಮೀಟರ್ ಹತ್ತಿರ ಹೋಗುತ್ತದೆ. ತಿಂಗಳಿಗೆ ಒಂದೋ ಎರಡೋ ಗೂಡು. ನನ್ನದೂ ಅಷ್ಟೇ, ಹೇಳಿಕೊಳ್ಳುವುದಿಲ್ಲ ಅಷ್ಟೇ.

ಹೋದ ವಾರ ನನ್ನ ರೀಲು ತಗೊಂಡು ಅಂಗಡಿಗೆ ಹೋಗಿದ್ದೆ. ನನ್ನದರಲ್ಲಿ ಗುಂಡಿ ಇಲ್ಲ. ಮುಚ್ಚಳದೊಳಗೆ ಚಿಕ್ಕ ಚಿಕ್ಕ ಅಯಸ್ಕಾಂತ, ಹೊರಗೆ 0ಯಿಂದ 10ರವರೆಗೆ ತಿರುಪು. ತಿರುಪಿದಂತೆ ಅಯಸ್ಕಾಂತ ಸ್ಪೂಲಿನ ಹತ್ತಿರ ಬರುತ್ತದೆ. ಕಾಕಾ ಸ್ಪೂಲನ್ನು ಒಂದು ಅಯಸ್ಕಾಂತಕ್ಕೆ ಮುಟ್ಟಿಸಿದರು. ಅಂಟಲಿಲ್ಲ. ಅಲ್ಯೂಮಿನಿಯಂ ಅಲ್ವಾ.

"ಅಂಟಂಗಿಲ್ಲ ಅಂದ್ರ ಹೆಂಗ ಹಿಡೀತದ?"

ನಾನು ಬಾಯಿ ತೆರೆಯುವ ಮುಂಚೆ ಅವರೇ ಮೂಲೆಯಿಂದ ಒಂದು ಹಳೇ ಕರೆಂಟ್ ಮೀಟರ್ ಎಳೆದು ತಂದರು. ಗಾಜಿನ ಹಿಂದೆ ಅಲ್ಯೂಮಿನಿಯಂ ಬಿಲ್ಲೆ, ಅದರ ಅಂಚನ್ನು ನಡುವೆ ಇಟ್ಟುಕೊಂಡ ಅಯಸ್ಕಾಂತ. ಬಿಲ್ಲೆ ತಿರುಗಿದರೆ ಅದರೊಳಗೇ ಕರೆಂಟು ಸುಳಿ ಸುತ್ತುತ್ತದೆ, ಆ ಸುಳಿಯೇ ಬಿಲ್ಲೆಯನ್ನು ಹಿಂದಕ್ಕೆ ಎಳೆಯುತ್ತದೆ. ಮುಟ್ಟದೆಯೇ ಬ್ರೇಕ್. ವೇಗ ಎರಡು ಪಟ್ಟಾದರೆ ತಡೆಯೂ ಎರಡು ಪಟ್ಟು, ಗುಂಡಿಯ ಹಾಗೆ ನಾಲ್ಕಲ್ಲ. ಅದಕ್ಕೇ ಎಸೆತದ ಕೊನೆವರೆಗೂ ಸ್ವಲ್ಪ ಸ್ವಲ್ಪ ಹಿಡಿದೇ ಇರುತ್ತದೆ. ಎದುರು ಗಾಳಿಗೆ ಒಳ್ಳೆಯದು, ಹೊರಗಿನಿಂದಲೇ ತಿರುಗಿಸಬಹುದು. ದೂರ ಸ್ವಲ್ಪ ಕಮ್ಮಿ ಸಿಗುತ್ತದೆ ಅಂತ ನನ್ನ ಅನುಭವ.

ಕಾಕಾ ಬೆರಳಿನಿಂದ ಬಿಲ್ಲೆಯನ್ನು ತಿರುಗಿಸಿದರು, ಅದು ಮೆಲ್ಲಗೆ ನಿಂತಿತು. ಮತ್ತೆ ತಿರುಗಿಸಿದರು. ಆಮೇಲೆ ನನ್ನ ರೀಲು ಕೈಯಲ್ಲಿ ತೂಗಿ, "ಇದರಾಗ ಏನೂ ಉಜ್ಜಂಗಿಲ್ಲ ಅಂದಮ್ಯಾಲೆ, ಇದಕ್ಕ ಎಣ್ಣಿ ಹಾಕಿದ್ರ ನಡೀತದಲ್ಲ?" ಅಂದರು.

ಅವರು ಹೇಳಿದ್ದು ಸರಿಯೇ ಇತ್ತು. ಆದರೂ ರೀಲು ತಗೊಂಡು ಮನೆಗೆ ಬಂದೆ.